ಎರಡು ಬೀಗದ ಪೆಟ್ಟಿಗೆ

ರೈಲು ಓಡುತ್ತಿದ್ದ ಕಾಲದಲ್ಲಿ ನಮ್ಮ ಕಲಾಪೂಯೊ ಊರಿನ ಅಂಗಡಿಕಾರರ ಸಂಘದಲ್ಲಿ ನಲವತ್ತು ಮನೆಯವರಿದ್ದರು. ಚಂದಾ ಹಣದಲ್ಲೇ ಸಂಘದ ಕೋಣೆ ಎದ್ದಿತು. ಮುಂದೆ ಪೇಸೊ ಬೆಲೆ ಕಳೆದುಕೊಂಡ ವರ್ಷ, ಕೂಡಿಟ್ಟದ್ದನ್ನೆಲ್ಲ ಸುರಿದರೂ ಒಂದು ಮೂಟೆ ಸಕ್ಕರೆ ಬರಲಿಲ್ಲ. ಹೊಸ ಹಣ ಬಂದ ಮೇಲೆ ಮತ್ತೆ ಮೊದಲಿನಿಂದ ಕೂಡಿಸಿದರು. ಅಷ್ಟರಲ್ಲಿ ರೈಲು ಓಡುವುದೇ ನಿಂತಿತು. ಅಲ್ಲಿಂದಾಚೆಗೆ ಸಂಘ ಖರ್ಚು ಮಾಡಿದ್ದೆಲ್ಲ ಸತ್ತ ಸದಸ್ಯರನ್ನು ಮಣ್ಣು ಮಾಡಲಿಕ್ಕೇ.

ಕೊನೆಗೆ ಉಳಿದವರು ಇಬ್ಬರು. ದಿನಸಿ ಅಂಗಡಿಯ ಸತುರ್ನೀನಾ ಖಜಾಂಚಿ. ಲಾಮಾ ಪ್ರಾಣಿಯ ಉಣ್ಣೆಯ ಹಗ್ಗ ಮಾರುವ ಫೌಸ್ತೀನೊ ಅಧ್ಯಕ್ಷ. ಸಂಘದ ಕೋಣೆಯಲ್ಲಿ ನೆಲಕ್ಕೆ ಜಡಿದ ಹಣದ ಪೆಟ್ಟಿಗೆಗೆ ಎರಡು ಬೀಗ, ಇಬ್ಬರ ಬಳಿ ಒಂದೊಂದು ಕೀಲಿ. ಎರಡೂ ಕೀಲಿ ಒಂದೇ ಸೂರಿನಡಿ ಇರಕೂಡದೆಂಬುದು ಸಂಘದ ನಿಯಮ. ಸತುರ್ನೀನಾಳ ಗಂಡ ಅಧ್ಯಕ್ಷನಾಗಿದ್ದ ವರ್ಷ ಅವನ ಕೀಲಿ ಮೈದುನನ ಮನೆಯಲ್ಲಿರುತ್ತಿತ್ತು.

ಒಂದು ಮಧ್ಯಾಹ್ನ ಫೌಸ್ತೀನೊ ಅವಳ ಅಂಗಡಿಗೆ ಬಂದು, ಜಗಿಯುವ ಕೋಕಾ ಎಲೆ ತೂಗುವ ತಕ್ಕಡಿಯ ಪಕ್ಕ ತನ್ನ ಕೀಲಿ ಇಟ್ಟ.

"ನಾಡಿದ್ದು ಹೊರಡ್ತೀನಕ್ಕಾ. ಹೆದ್ದಾರಿ ಹತ್ರ ಲಾರಿಗಳಾದ್ರೂ ನಿಲ್ತವೆ. ಇಲ್ಲಿ ಗಾಳಿಗೆ ಹಗ್ಗ ಮಾರ್ಲಾ?"

"ಗಾಳೀನೂ ಕೊಳ್ಳಲ್ಲ ಬಿಡು. ನಿನ್ನ ಹಗ್ಗ ಮೊದ್ಲೇ ಮೊಳ ಕಮ್ಮಿ."

ಅವನು ನಕ್ಕ. ಪೆಟ್ಟಿಗೆಯಲ್ಲಿ ಇದ್ದುದನ್ನು ಇಬ್ಬರೂ ಹಂಚಿಕೊಂಡು ಸಂಘ ಮುಚ್ಚಿಬಿಡೋಣ ಎಂದ. ಅದು ಮಣ್ಣಿನ ಹಣ, ಹಂಚುವುದಲ್ಲ ಎಂದಳು ಸತುರ್ನೀನಾ. ಹಾಗಾದರೆ ಎಲ್ಲವನ್ನೂ ನೀನೇ ಇಟ್ಟುಕೋ ಎಂದು ಅವನು ಕೀಲಿಯನ್ನು ಇನ್ನಷ್ಟು ಮುಂದಕ್ಕೆ ತಳ್ಳಿದ.

ಅವಳು ಅದನ್ನು ಮುಟ್ಟಲಿಲ್ಲ. ಎರಡೂ ಕೀಲಿ ಒಂದೇ ಕೈಗೆ ಬಂದರೆ ಅದು ಸಂಘವಲ್ಲ, ಒಬ್ಬ ಮುದುಕಿಯ ಗಂಟು. ಸಂಘದ ಒಬ್ಬೊಬ್ಬರ ಹೆಣದ ಹಿಂದೆಯೂ ಅವಳು ನಡೆದಿದ್ದಳು. ಅವಳ ಹಿಂದೆ ನಡೆಯಲು ಉಳಿದಿದ್ದವನು ಇವನೊಬ್ಬನೇ.

"ಕೀಲಿ ನೀನೇ ತಗೊಂಡೋಗು," ಎಂದಳು.

"ಪೆಟ್ಟಿಗೆ ತೆಗೆಯೋದು ಹೆಂಗೆ?"

"ನಾನು ಸತ್ತಾಗ ಬಂದು ತೆಗಿ. ನೀನು ಬರದೆ ನನ್ನ ಮಣ್ಣಾಗಲ್ಲ."

ಅವನು ಕೀಲಿಯನ್ನು ಕೈಗೆತ್ತಿಕೊಂಡ. "ನಾನೇ ಮೊದ್ಲು ಹೋದ್ರೆ?"

ಅವಳು ಅದನ್ನು ಯೋಚಿಸಿರಲಿಲ್ಲ. "ಕೀಲಿ ತಂದೋರು ನಿನ್ನ ಸುದ್ದಿನಾದ್ರೂ ಹೇಳ್ತಾರಲ್ಲ," ಎಂದಳು.

ಫೌಸ್ತೀನೊ ಕೀಲಿಯನ್ನು ಅಂಗಿಯ ಒಳಜೇಬಿಗೆ ಹಾಕಿಕೊಂಡ.

ಮುಂದಿನ ತಿಂಗಳ ಮೊದಲ ಭಾನುವಾರ, ಸಂಘದ ಸಭೆಯ ದಿನ, ಸತುರ್ನೀನಾ ಕೋಣೆಯ ಬಾಗಿಲು ತೆರೆದು ಪೆಟ್ಟಿಗೆಯ ಸೀಳಿನಲ್ಲಿ ತನ್ನ ಚಂದಾ ಹಾಕಿದಳು. ಉದ್ದನೆಯ ಬೆಂಚಿನ ಒಂದು ತುದಿಯಲ್ಲಿ, ಯಾವಾಗಲೂ ಕೂರುವ ಜಾಗದಲ್ಲೇ ಕೂತಳು. ಸಭೆ ಮುಗಿಯುವ ಹೊತ್ತಾಗುವವರೆಗೆ ಏಳಲಿಲ್ಲ.