ಸಮ್ಮೇದನ ಹೆಸರಿನಲ್ಲಿ

ಮೂರು ತಾಲೂಕು ದಾಟಿ ನಿಪ್ಪಾಣಿಗೆ ಬಂದದ್ದೇ ಗುರುತಿನವರ ಕಣ್ಣಿಗೆ ಬೀಳಬಾರದೆಂದು. ನಮ್ಮೂರು ಉಗಾರ ಬುದ್ರುಕಕ್ಕೆ ಮಿರಜ ಹತ್ತಿರ, ಆದರೆ ಅಲ್ಲಿನ ದವಾಖಾನೆಗಳಲ್ಲಿ ನಮ್ಮ ಅರ್ಧ ಊರೇ ಇರುತ್ತದೆ. ಅಥಣಿ ನನ್ನ ಹೆಂಡತಿ ಸೀಮಾಳ ತವರು. ರಾಯಬಾಗದಲ್ಲಿ ಅಕ್ಕ, ಚಿಕ್ಕೋಡಿಯಲ್ಲಿ ಅಕ್ಕನ ಮೈದುನ ಕಂಪೌಂಡರ್. ನಮ್ಮಂಥವರಿಗೆ ಬೀಗರಿಲ್ಲದ ಊರು ಎಲ್ಲಿ ಸಿಗಬೇಕು?

ಸರ್ಕಾರಿ ದವಾಖಾನೆಯ ಸಮಾಲೋಚನೆ ಕೋಣೆಯಲ್ಲಿ ನಾಜಿಮಾ ಮೇಡಂ ಹೆಸರು ಕೇಳಿದರು. ನನ್ನ ಹೆಸರು ರಾವಸಾಹೇಬ. ಬಾಯಿಗೆ ಬಂದದ್ದು "ಸಮ್ಮೇದ". ಸಮ್ಮೇದ ಸೀಮಾಳ ಅಣ್ಣ, ಪಾಪದ ಮನುಷ್ಯ, ಎಲೆಅಡಿಕೆಯನ್ನೂ ಮುಟ್ಟಿದವನಲ್ಲ. ಫೋನ್ ನಂಬರಿನ ಕೊನೆಯ ಅಂಕಿಯನ್ನೂ ಬದಲಿಸಿ ಹೇಳಿದೆ. ರಕ್ತ ತೆಗೆದರು. ಒಂದು ತಾಸಿನಲ್ಲಿ ಕರೆಯುತ್ತೇವೆ, ಹೊರಗೆ ಕೂಡ್ರಿ ಅಂದರು.

ಕಳೆದ ಹಂಗಾಮಿನಲ್ಲಿ ನಾನೂ ಗೆಳೆಯ ಸುಮೇಧನೂ ಒಂದೇ ಕಾರ್ಖಾನೆಗೆ ಕಬ್ಬಿನ ಟ್ರ್ಯಾಕ್ಟರ್ ಹೊಡೆಯುತ್ತಿದ್ದೆವು. ಗೇಟಿನ ಮುಂದೆ ಎರಡೆರಡು ದಿನ ಪಾಳಿ ಕಾಯಬೇಕು. ಅಂಥದೊಂದು ಪಾಳಿಯಲ್ಲಿ ಅವನು ಒಬ್ಬ ಹೆಂಗಸಿನ ಹತ್ತಿರ ಕರೆದುಕೊಂಡು ಹೋದ. ಮರುಸಲ ನಾನೇ ಹೋದೆ. ಯಾರೂ ಕೈಹಿಡಿದು ಎಳೆಯಲಿಲ್ಲ, ಸುಳ್ಳು ಯಾಕೆ ಹೇಳಲಿ. ಹೋದ ವಾರ ಸುಮೇಧ ಫೋನ್ ಮಾಡಿ, "ನನಗ ಎಚ್‌ಐವಿ ಐತಿ ಅಂದಾರಪಾ. ನೀನೂ ತಪಾಸಣಿ ಮಾಡಿಸ್ಕೋ" ಎಂದ.

ಮನೆಯಲ್ಲಿ ಸೀಮಾ ಆರು ತಿಂಗಳ ಬಸುರಿ. ನಮ್ಮದು ಜೈನರ ಮನೆ, ಹೊತ್ತು ಮುಳುಗುವ ಮೊದಲೇ ಊಟ. ಉಂಡ ಮೇಲೆ ಅವಳು ರಕ್ತ ಹೆಚ್ಚಾಗಲೆಂದು ಒಂದು ಗುಳಿಗೆ ನುಂಗುತ್ತಾಳೆ. ಮರೆಯಬೇಡ ಎಂದು ನಾನೇ ನೆನಪು ಮಾಡುತ್ತಿದ್ದೆ. ಆ ಹೊಟ್ಟೆಯಲ್ಲಿರುವ ಕೂಸಿಗೆ ನಾನೇನು ತಂದಿಟ್ಟಿದ್ದೇನೋ ಎಂಬುದೊಂದೇ ತಲೆಯಲ್ಲಿ ತಿರುಗುತ್ತಿತ್ತು.

ಹನ್ನೊಂದಾಯಿತು, ಹನ್ನೆರಡಾಯಿತು. ನಾಜಿಮಾ ಮೇಡಂ ಬಾಗಿಲಿಗೆ ಬಂದು ಯಾರು ಯಾರನ್ನೋ ಕರೆದರು. ನನ್ನ ಹಿಂದೆ ಬಂದವರೆಲ್ಲ ಒಳಗೆ ಹೋಗಿ ಬಂದು ಮನೆ ದಾರಿ ಹಿಡಿದರು. ನಾನು ನಳದ ನೀರು ಕುಡಿದೆ, ಕೂತೆ, ಎದ್ದೆ, ಗೇಟಿನ ತನಕ ಹೋಗಿ ತಿರುಗಿ ಬಂದೆ. ಕೆಟ್ಟ ಸುದ್ದಿ ಹೇಳಲು ಹಿಂದೆಮುಂದೆ ನೋಡುತ್ತಿದ್ದಾರೆ, ಇನ್ನೇನು. ಎರಡಕ್ಕೆ ತಲೆ ಕೆಟ್ಟಿತು. ಬಾಗಿಲು ದೂಡಿ ಒಳಹೊಕ್ಕೆ.

"ಏನ್ರಿ ಮೇಡಂ, ನಮಗ ಮನಿ ಮಠ ಇಲ್ಲೇನ್ರಿ? ಮುಂಜಾನಿಂದ ಕುಂತೇನಿ."

"ನಿಮ್ಮ ಹೆಸರೇನ್ರಿ?"

"ರಾವ..." ಎಂದು ಅಲ್ಲಿಗೇ ನುಂಗಿದೆ.

ಅವರು ನಗಲಿಲ್ಲ. "ಸಮ್ಮೇದ ಅಂತ ನಾಕ ಸಲ ಕರದೇನ್ರಿ. ಮಂದಿಯೊಳಗ ಬಟ್ಟು ಮಾಡಿ ಕರ್ಯಾಕ ಬರಂಗಿಲ್ಲ. ಫೋನ್ ಹಚ್ಚಿದ್ರ ಇಚಲಕರಂಜಿಯವ್ರ ಯಾರೋ ಎತ್ತಿ ಮರಾಠಿಯೊಳಗ ಬೈದ್ರು. ಕುಂಡರ್ರಿ."

ನನ್ನ ಸುಳ್ಳನ್ನು ನಾನೇ ಮರೆತು ನಾಲ್ಕು ತಾಸು ಕೂತಿದ್ದೆ.

ಮೂರು ಬಗೆಯಲ್ಲಿ ತಪಾಸಣೆ ಮಾಡಿದ್ದರು. ಮೂರರಲ್ಲೂ ಎಚ್‌ಐವಿ ಇತ್ತು. ಮೇಡಂ ಮೆಲ್ಲಗೆ ತಿಳಿಸಿ ಹೇಳಿದರು. "ಗುಳಿಗಿ ಅದಾವ್ರಿ. ದಿನಾ ತಪ್ಪಲಾರದ ತಗೊಂಡ್ರ ಎಲ್ಲಾರಂಗ ಬಾಳ್ತೀರಿ. ಮನ್ಯಾಗ ಯಾರ್ಯಾರದಾರ್ರಿ?"

"ಅವ್ವ, ಹೆಂಡತಿ. ಹೆಂಡತಿ ಬಸರದಾಳ್ರಿ."

ಅವರ ಪೆನ್ನು ನಿಂತಿತು. "ಅವ್ರ ತಪಾಸಣಿ ಲಗೂನ ಆಗಬೇಕ್ರಿ. ಅವ್ರಿಗಿ ಇದ್ರೂ ಗುಳಿಗಿ ಚಾಲೂ ಇದ್ರ ಕೂಸಿಗಿ ಹತ್ತದಂಗ ನೋಡ್ಕೋಬಹುದು. ನಿಮ್ಮ ಖರೆ ಹೆಸರ ಹೇಳ್ರಿ. ಇಲ್ಲಂದ್ರ ನಿಮ್ಮನ್ನ ಎಲ್ಲಿ ಹುಡುಕೂದು? ಇಲ್ಲಿ ಬರದದ್ದು ಹೊರಗ ಹೋಗಂಗಿಲ್ಲ."

"ಬಂದು ಹೇಳ್ತೇನ್ರಿ" ಎಂದು ಹೊರಬಿದ್ದೆ. ನಿಜ ಹೇಳಬೇಕೆಂದರೆ, ಕಾಲು ಬಸ್‌ಸ್ಟ್ಯಾಂಡಿನ ಕಡೆಗೇ ಎಳೆಯುತ್ತಿತ್ತು. ಆದರೆ ಕೂಸಿಗಿ ಹತ್ತದಂಗ ಎಂಬ ಮಾತು ಬಿಡಲಿಲ್ಲ. ಗೇಟಿನ ಹತ್ತಿರ ನಿಂತು ಸೀಮಾಳಿಗೆ ಫೋನ್ ಹಚ್ಚಿದೆ.

"ಸೀಮಾ, ನಾ ಕಾರ್ಖಾನ್ಯಾಗ ಇಲ್ಲ. ನಿಪ್ಪಾಣಿ ದವಾಖಾನ್ಯಾಗ ಅದೇನಿ." ಆಮೇಲೆ ಎಲ್ಲ ಹೇಳಿದೆ. ಪಾಳಿ, ಸುಮೇಧ, ಆ ಹೆಂಗಸು, ಇವತ್ತಿನ ರಿಪೋರ್ಟು. "ನಾಳಿಗಿ ನೀನೂ ರಕ್ತ ತೋರಿಸ್ಬೇಕು."

"ನಂದು ಆಗೇತ್ರಿ" ಎಂದಳು. "ಬಸರಿ ಹೆಣ್ಮಕ್ಕಳದು ತಗೋತಾರಲ್ಲ, ಮೂರನೇ ತಿಂಗಳಾಗ. ಆವಾಗ ಗೊತ್ತಾತು. ದಿನಾ ಉಂಡ ಮ್ಯಾಲ ತಗೊಳ್ಳೋ ಗುಳಿಗಿ ಅದರದಾ ಐತ್ರಿ."

ಮೂರು ತಿಂಗಳು ಅವಳೊಬ್ಬಳೇ ಅದನ್ನು ಹೊತ್ತುಕೊಂಡು ನನಗೆ ಬಿಸಿ ರೊಟ್ಟಿ ಬಡಿದು ಹಾಕಿದ್ದಳು. "ನನಗ್ಯಾಕ ಹೇಳಲಿಲ್ಲ?" ಎಂದು ಜೋರು ಮಾಡಿದೆ. ನಾಚಿಕೆ ಎಂಬುದು ಬೇಡವೇ ನನಗೆ.

"ಹೇಳಿದ್ರ ಎಲ್ಲಿಂದ ತಂದಿ ಅಂತ ನನ್ನ ಕೇಳ್ತಿದ್ರಿ. ನಿಮ್ಮ ಅವ್ವ ಮನಿ ಬಿಡಸ್ತಿದ್ರು. ಗಂಡನ್ನ ಕರ್ಕೊಂಡ ಬಾ ಅಂತ ಸಿಸ್ಟರ್ ಪ್ರತಿ ಸಲ ಅಂತಾರ. ಹಂಗಾಮ ಮುಗೀಲಿ ಅಂತ ದೂಡ್ಕೋತ ಬಂದೆ."

ಅವಳು ಹೇಳಿದ್ದು ಸರಿಯಿತ್ತು. ನಾನು ಹಾಗೇ ಕೇಳುತ್ತಿದ್ದೆ. "ಕೂಸು?" ಎಂದೆ.

"ಒದೀತೈತಿ. ಚಲೋ ಐತಿ ಅಂದಾರ."

"ಗುಳಿಗಿ ಎಲ್ಲಿ ತಗೋತಿ?"

"ಅಥಣ್ಯಾಗ."

"ಅಥಣ್ಯಾಗ? ಅಲ್ಲಿ ನಿಮ್ಮ ಮಂದೀನ ಅದಾರಲ್ಲ. ಯಾರ ಹೆಸರ ಕೊಟ್ಟಿ?"

"ಯಾರ ಹೆಸರಂದ್ರ? ನಂದಾ ಕೊಟ್ಟೇನ್ರಿ. ಮಂದಿ ಹೆಸರ ಕೊಟ್ರ ನನ್ನ ಕೂಸಿನ ಔಷಧ ಯಾರಿಗಿ ಹೋಗಬೇಕು?"

ತಿರುಗಿ ಒಳಗೆ ಹೋದೆ. ನಾಜಿಮಾ ಮೇಡಂ ಸಮ್ಮೇದನ ಕಾಗದವನ್ನು ಹಾಗೇ ಮುಂದಿಟ್ಟುಕೊಂಡು ಕೂತಿದ್ದರು.

"ಅದನ್ನ ಹೊಡದ ಹಾಕ್ರಿ ಮೇಡಂ" ಎಂದೆ. "ರಾವಸಾಹೇಬ ಅಂತ ಬರ್ಕೋರಿ. ಊರು ಉಗಾರ ಬುದ್ರುಕ. ಅಥಣ್ಯಾಗ ಗುಳಿಗಿ ತಗೊಳ್ಳೋ ಸೀಮಾನ ಗಂಡ."