ತಕರಾರು ಇರುವುದಿಲ್ಲ

ನನ್ನ ಅಕ್ಷರ ದುಂಡಗಿದೆ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಮೇಲಿನವರು ನನ್ನನ್ನು ಹೊಗಳಿದ್ದು ಅದೊಂದಕ್ಕೇ. ಕಂಪ್ಯೂಟರ್ ಬಂದ ಮೇಲೂ ಸ್ಥಳಕ್ಕೆ ಹೋದಾಗ ಹೇಳಿಕೆಗಳನ್ನು ಕೈಯಲ್ಲೇ ಬರೆದುಕೊಳ್ಳಬೇಕು, ಆಗ ಎಲ್ಲರಿಗೂ ಈ ಭೂಪಾಲ ನೆನಪಾಗುತ್ತಾನೆ. ಊರಿನ ಹೆಸರು, ಕಚೇರಿಯ ಹೆಸರು ಹೇಳುವುದಿಲ್ಲ. ಈಗಾಗಲೇ ಒಂದು ನೋಟಿಸಿಗೆ ಉತ್ತರ ಬರೆದು ಸಾಕಾಗಿದೆ. ಅಂಕಲಿಯ ಆಸುಪಾಸು, ಕೃಷ್ಣಾ ಹೊಳೆಯ ದಂಡೆಗೆ ಒಂದು ಹಳ್ಳಿ ಎಂದುಕೊಳ್ಳಿ.

ನಮ್ಮದು ನಾಗರಿಕ ಹಕ್ಕುಗಳ ದೂರು ನೋಡುವ ಶಾಖೆ. ಶಾಖೆ ಎಂದರೆ ಎರಡು ಟೇಬಲ್ಲು, ಮೂರು ಕಪಾಟು, ಸಾಹೇಬರು ಮತ್ತು ನಾನು. ಜಾತಿಯ ಕಾರಣಕ್ಕೆ ಯಾರನ್ನಾದರೂ ಗುಡಿಯಿಂದ, ನಳದಿಂದ, ಚಹಾದಂಗಡಿಯಿಂದ ದೂರ ಇಟ್ಟರೆ ಅವರು ನಮ್ಮಲ್ಲಿಗೆ ಬರಬೇಕು. ಬರುತ್ತಾರೆ ಕೂಡ. ಬಂದವರಿಗೆ ನಾವು ಮೊದಲು ಒಂದು ನಂಬರು ಕೊಡುತ್ತೇವೆ. ಎಷ್ಟೋ ಸಲ ಕೊನೆಗೂ ಅದನ್ನೇ ಕೊಟ್ಟಿರುತ್ತೇವೆ.

ಲಗಮವ್ವ ಬಂದದ್ದು ಹೋದ ವರ್ಷ ಯುಗಾದಿ ಮುಗಿದ ವಾರ. ಅರವತ್ತು ದಾಟಿದ ಹೆಂಗಸು, ಆ ಹಳ್ಳಿಯ ಪರಿಶಿಷ್ಟರ ಓಣಿಯವಳು. ಬಾಗಿಲಲ್ಲೇ ನಿಂತು ಕೇಳಿದಳು.

"ತಕ್ರಾರ ತಗೊಳ್ಳೂದು ಇಲ್ಲೇ ಏನ್ರಿ?"

"ಇಲ್ಲೇ. ಒಳಗ ಬಾ ಬೇ ಆಯಿ. ಯಾರ ಮ್ಯಾಲ ತಕ್ರಾರ?"

"ಬೀಗದ ಮ್ಯಾಲ್ರಿ."

ಊರಿನ ಎತ್ತರದಲ್ಲಿ ಎರಡು ಎಕರೆ ಸರಕಾರಿ ಸ್ಮಶಾನವಿದೆ. ಅದಕ್ಕೆ ಕಬ್ಬಿಣದ ಗೇಟು, ಗೇಟಿಗೆ ಬೀಗ. ಊರವರ ಹೆಣ ಬಂದರೆ ಬೀಗ ತೆರೆಯುತ್ತದೆ. ಲಗಮವ್ವನ ಓಣಿಯ ಹೆಣ ಬಂದರೆ ಬೀಗದ ಕೈ ಇಟ್ಟುಕೊಂಡವನು ಎಲ್ಲೋ ಊರಿಗೆ ಹೋಗಿರುತ್ತಾನೆ. ಅವರು ಹೊಳೆದಂಡೆಯಲ್ಲಿ ಮಣ್ಣು ಮಾಡಬೇಕು. ಎರಡು ಸಾವಿರದ ಹತ್ತೊಂಬತ್ತರ ಮಹಾಪೂರದಲ್ಲಿ ಅವಳ ಮಗ ಮಾಳಸಿದ್ದನ ಗೋರಿ ಕಲ್ಲು ಸಮೇತ ಕೊಚ್ಚಿಹೋಗಿತ್ತು. ಈಗ ಗಂಡ ಮುರಗೆಪ್ಪ ಹಾಸಿಗೆ ಹಿಡಿದಿದ್ದಾನೆ, ಪುಪ್ಪುಸ ಕೆಟ್ಟಿದೆ, ಡಾಕ್ಟರು ಮನೆಗೆ ಕರಕೊಂಡು ಹೋಗಿ ಎಂದುಬಿಟ್ಟಿದ್ದಾರೆ.

"ಅಂವಂದು ಒಂದ ಮಾತ ಐತ್ರಿ ಸಾಹೇಬ್ರ. ಹುಡುಗನ ತಗೊಂಡ ಹೊಳಿ ನನ್ನ ತಗೊಳ್ಳಬಾರದು ಅಂತಾನ. ಎತ್ತರದಾಗ ಆರಡಿ ಜಾಗಾ ಕೊಡಸ್ರಿ. ಜೀವ ಇದ್ದಾಗ ಒಂದ ಸಲ ಅಂವಗ ಹೇಳಬೇಕ, ನಿನ್ನ ಜಾಗಾ ಆತು ಅಂತ."

ಅಷ್ಟೇ ಅವಳ ಬೇಡಿಕೆ. ನಾನೇ ಅರ್ಜಿ ಬರೆದುಕೊಟ್ಟೆ, ಅವಳು ಹೆಬ್ಬೆಟ್ಟು ಒತ್ತಿದಳು.

ನಮ್ಮ ಸಾಹೇಬರು ಹಾಸನದ ಕಡೆಯವರು, ಬಂದು ಮೂರು ತಿಂಗಳಾಗಿತ್ತು. ಕೆಟ್ಟವರಲ್ಲ. ಈ ಕಡೆಯ ಮಾತು ಮಾತ್ರ ಅವರಿಗೆ ಅರ್ಧಕ್ಕರ್ಧ ತಲೆ ಮೇಲೆ ಹೋಗುತ್ತಿತ್ತು. ಅಂದು ಅವಳು ಹೋದ ಮೇಲೆ ಕೇಳಿದರು.

"ಏನ್ರೀ ಭೂಪಾಲ್, ಆಯಮ್ಮ ತಕ್ರಾರ ತಕ್ರಾರ ಅಂತಿದ್ರಲ್ಲ, ಯಾರ ಜೊತೆ ಜಗಳ?"

"ಜಗಳ ಅಲ್ರಿ ಸರ್. ಮರಾಠಿ ಗಾಳಿ ನಮ್ಮದು. ಇಲ್ಲಿ ತಕ್ರಾರ ಅಂದ್ರ ದೂರು."

ಅವರ ಹತ್ತಿರ ಒಂದು ಪುಟ್ಟ ಡೈರಿ ಇತ್ತು. ಈ ಸೀಮೆಯ ಮಾತು ಕಿವಿಗೆ ಬಿದ್ದಾಗಲೆಲ್ಲ ಅದರಲ್ಲಿ ಗುರುತು ಹಾಕಿಕೊಳ್ಳುತ್ತಿದ್ದರು. 'ತಕ್ರಾರ, ತಕರಾರು: ದೂರು' ಎಂದು ಬರೆದುಕೊಂಡರು. ನಾನು ಪಕ್ಕದಲ್ಲೇ ನಿಂತು ತಲೆಯಾಡಿಸಿದೆ.

ಅರ್ಜಿಯನ್ನು ನಾವು 'ಸೂಕ್ತ ಕ್ರಮಕ್ಕಾಗಿ' ಪಂಚಾಯತಿಗೆ ಕಳಿಸಿದೆವು. ಬೀಗ ಹಾಕಿಸಿದ್ದು ಯಾರು? ಪಂಚಾಯತಿ ಅಧ್ಯಕ್ಷ ಅಪ್ಪಾಸಾಬ. ನಿನ್ನ ಮೇಲೆ ದೂರು ಬಂದಿದೆ, ನಿಜವೇನಪ್ಪಾ ಎಂದು ಅವನನ್ನೇ ಕೇಳುವುದು ನಮ್ಮ ಪದ್ಧತಿ. ಹದಿನೈದು ದಿನಕ್ಕೆ ಉತ್ತರ ಬಂತು. 'ಗ್ರಾಮದಲ್ಲಿ ಸರ್ವರೂ ಅಣ್ಣತಮ್ಮಂದಿರಂತೆ ಇದ್ದು ಸದರಿ ದೂರು ನಿರಾಧಾರವಾಗಿರುತ್ತದೆ.' ಅಣ್ಣತಮ್ಮಂದಿರಂತೆ! ಓದಿ ಮೈ ಉರಿಯಿತು. ಉರಿದು ಏನು ಮಾಡಿದೆ ಎಂದರೆ, ಅದಕ್ಕೆ ಪುಟಸಂಖ್ಯೆ ಹಾಕಿ ಫೈಲಿನೊಳಗೆ ಸೇರಿಸಿದೆ.

ಪ್ರತಿ ವಾರ ಸಂತೆಯ ದಿನ ಲಗಮವ್ವ ಬರುತ್ತಿದ್ದಳು.

"ನಮ್ಮ ತಕ್ರಾರ ಎಲ್ಲಿಗಿ ಬಂತ್ರಿ?"

"ನಡದೈತಿ ಬೇ ಆಯಿ."

"ಏಪ್ರಿಲ್‌ನಿಂದ ನಡ್ಯಾಕತ್ತೈತಿ. ಅದಕ್ಕೂ ಕಾಲ ನೋಯಾಕತ್ತಿರಬೇಕು, ಒಂದ್ ಚಹಾ ಕುಡಸ್ರಿ."

ಹಾಗೆ ಚೇಷ್ಟೆ ಮಾಡಿ ನಗುತ್ತಿದ್ದಳು. ಗಂಡ ಹೇಗಿದ್ದಾನೆ ಎಂದು ಕೇಳಿದರೆ ನಗು ನಿಲ್ಲುತ್ತಿತ್ತು.

ಜೂನ್ ಮೂರನೇ ವಾರ ಸಾಹೇಬರೇ ಸ್ಥಳ ನೋಡಲು ಹೊರಟರು. ನಾನೂ ಪ್ಯಾಡು, ಕಾಗದ, ಶಾಯಿಡಬ್ಬಿ ಹಿಡಿದು ಹೋದೆ. ಗೇಟಿನ ಮುಂದೆ ಅಪ್ಪಾಸಾಬ ಹತ್ತು ಮಂದಿ ಕಟ್ಟಿಕೊಂಡು ನಿಂತಿದ್ದ. ಇತ್ತ ಲಗಮವ್ವ ಒಬ್ಬಳೇ. ಅವಳ ಓಣಿಯವರು ದೂರದ ಬೇವಿನ ಗಿಡದ ಹತ್ತಿರ ನಿಂತು ನೋಡುತ್ತಿದ್ದರು. ಅಪ್ಪಾಸಾಬ "ಅದು ಸರಕಾರಿ ಜಾಗಾ ಅಲ್ಲರಿ, ಅರ್ಧ ನಮ್ಮ ಹಿರ್ಯಾರ ದಾನ ಕೊಟ್ಟದ್ದು" ಎಂದ. ಸಾಹೇಬರು ಬುದ್ಧಿವಂತರು, ಹಾಗಾದರೆ ಅಳತೆಯೇ ಆಗಲಿ ಎಂದು ಲಗಮವ್ವನ ಕಡೆ ತಿರುಗಿದರು.

"ನೋಡಮ್ಮ, ಮೊದಲು ಸರ್ವೆ ಮಾಡಿಸ್ತೀವಿ. ಅಳತೆ ಮಾಡ್ಸೋಕೆ ನಿಮ್ಮದೇನಾದ್ರೂ ತಕರಾರು ಇದೆಯಾ?"

ಅವರ ಕಡೆ, ಅಷ್ಟೇ ಏಕೆ, ಕಚೇರಿಯ ಕನ್ನಡದಲ್ಲೂ, ತಕರಾರು ಎಂದರೆ ಆಕ್ಷೇಪಣೆ. ಲಗಮವ್ವನ ಮುಖ ಅರಳಿತು.

"ಏನೂ ತಕರಾರ ಇಲ್ರಿ ಸಾಹೇಬ್ರ! ಇವತ್ತ ಅಳೀರಿ!"

ಹೇಳಿಕೆ ಬರೆಯುವ ಪದ್ಧತಿ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಅದರಲ್ಲಿ ಪ್ರಶ್ನೆ ಬರೆಯುವುದಿಲ್ಲ. ಉತ್ತರಗಳನ್ನಷ್ಟೇ ಪೋಣಿಸಿ, ಆ ಮನುಷ್ಯ ತಾನಾಗಿ ಹೇಳಿದಂತೆ ಬರೆಯುತ್ತೇವೆ. ನಾನು ಬರೆದೆ: 'ಲಗಮವ್ವ ಕೋಂ ಮುರಗೆಪ್ಪ ಆದ ನಾನು ತಿಳಿಸುವುದೇನೆಂದರೆ, ಈ ಬಗ್ಗೆ ನನ್ನದು ಯಾವುದೇ ತಕರಾರು ಇರುವುದಿಲ್ಲ.' ಅವಳು ಹೆಬ್ಬೆಟ್ಟು ಒತ್ತಿ, ಶಾಯಿಯನ್ನು ತಲೆಗೂದಲಿಗೆ ಒರೆಸಿಕೊಂಡಳು.

"ಏನ ಬರದ್ರಿ?"

"ನೀ ಹೇಳಿದ್ದ ಬರದೀನಿ."

ಸುಳ್ಳಲ್ಲ. ಅದೇ ಇವತ್ತಿಗೂ ಚುಚ್ಚುತ್ತದೆ.

ಜೂನ್ ಮೂವತ್ತಕ್ಕೆ ಮೇಲಿನ ಕಚೇರಿಯಲ್ಲಿ ಪ್ರಗತಿ ಸಭೆ. ತೊಂಬತ್ತು ದಿನ ತುಂಬಲು ಬಂದ ದೂರುಗಳ ಪಟ್ಟಿಯಲ್ಲಿ ಲಗಮವ್ವನದೂ ಇತ್ತು. ಸರ್ವೆಯವರು ಮಳೆಗಾಲ ಮುಗಿಯಲಿ ಎಂದು ಕೈಯೆತ್ತಿದ್ದರು. ಸಾಹೇಬರು ಫೈಲು ತಿರುವಿ ಹೇಳಿಕೆಯ ಹತ್ತಿರ ನಿಂತರು. ಜಾಗ ನೋಡಿ ಬಂದ ಮೇಲೆ ಹದಿನಾಲ್ಕು ಹಳ್ಳಿ ಸುತ್ತಿದ್ದರು, ಅವರಿಗೆ ಯಾವ ಮಾತು ಎಲ್ಲಿಯದೆಂದು ನೆನಪಿರಲಿಲ್ಲ.

"ಅರೆ, ತಕರಾರು ಇಲ್ಲ ಅಂತ ಹೇಳಿಕೆ ಕೊಟ್ಟಿದ್ದಾರಲ್ರೀ. ದೂರೇ ಇಲ್ಲ ಅಂದ ಮೇಲೆ ಮುಗೀತಲ್ಲ? ರಾಜಿಯಾಗಿರಬೇಕು. ಮುಕ್ತಾಯ ಮಾಡಿ."

ಅಲ್ಲೇ ಹೇಳಬಹುದಿತ್ತು. 'ಸರ್, ಆ ತಕರಾರು ಬೇರೆ, ಈ ತಕ್ರಾರ ಬೇರೆ.' ಆರೇಳು ಮಾತು. ಆದರೆ ಅದೇ ಟೇಬಲ್ಲಿನ ಮೇಲೆ ನನ್ನ ರಜೆಯ ಚೀಟಿ ಇತ್ತು. ನಾಡಿದ್ದು ಬಸುರಿ ಮಗಳು ತ್ರಿಶಲಾಳ ಕುಬಸ, ಐನಾಪುರದಿಂದ ಬೀಗರು ಬರುವವರು. ಪಟ್ಟಿ ಖಾಲಿಯಾಗದೆ ಯಾರಿಗೂ ರಜೆಯಿಲ್ಲ ಎಂದು ಸಾಹೇಬರು ಬೆಳಿಗ್ಗೆಯೇ ಹೇಳಿದ್ದರು. ನಾನು "ಹೌದ್ರಿ ಸರ್" ಎಂದೆ. ಮುಕ್ತಾಯದ ಪತ್ರವನ್ನೂ ನಾನೇ ಬರೆದೆ. ಗೊತ್ತಾಗದೆ ಆದ ತಪ್ಪು ಎಂದು ಆಮೇಲೆ ಹಲವರು ನನ್ನ ಪರ ವಹಿಸಿ ಮಾತಾಡಿದರು. ಎಲ್ಲಿಯ ಗೊತ್ತಿಲ್ಲದ್ದು! ಪೂರ್ತಿ ಗೊತ್ತಿತ್ತು ನನಗೆ.

ಕುಬಸ ಚೆನ್ನಾಗಿ ಆಯಿತು. ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ ಎಂದೆಲ್ಲ ಹೇಳಿದರೆ ನೀವು ನಂಬಬೇಡಿ. ನಾಲ್ಕು ತಿಂದೆ.

ಜುಲೈ ಕೊನೆಯ ವಾರ ಜಿಟಿಜಿಟಿ ಮಳೆ. ಅತ್ತ ಮಹಾರಾಷ್ಟ್ರದಲ್ಲಿ ಡ್ಯಾಮಿನ ಬಾಗಿಲು ತೆರೆದಿದ್ದಾರೆ ಎಂದು ಎಲ್ಲರ ಫೋನಿನಲ್ಲೂ ಸುದ್ದಿ. ಲಗಮವ್ವ ತೊಯ್ದುಕೊಂಡು ಬಂದಳು. ಹಣೆಯಲ್ಲಿ ಕುಂಕುಮ ಇರಲಿಲ್ಲ. ಸೆರಗಿನೊಳಗಿನಿಂದ ಹಾಲಿನ ಪಾಕೀಟು ತೆಗೆದಳು, ಅದರೊಳಗೆ ನಮ್ಮ ಕಚೇರಿಯ ಲಕೋಟೆ, ಒಡೆದಿರಲಿಲ್ಲ.

"ಹೋದ್ನರಿ ಅಂವ. ಇವತ್ತಿಗಿ ಒಂಬತ್ತ ದಿನಾತು."

ನಾನು ಎದ್ದು ನಿಂತೆ.

"ಬೀಗ ತಗೀಲಿಲ್ರಿ. ಹೊಳಿದಂಡ್ಯಾಗ ಇಟ್ಟೀವಿ. ಆದ್ರ ಪೂರ್ತಿ ಆಳ ತೋಡಿಲ್ಲರಿ, ನಾಕ ಮೂಲಿಗಿ ನಾಕ ಕಲ್ಲ ಗುರ್ತ ಇಟ್ಟೀನಿ. ಸರ್ವೇ ಆದ ಕೂಡ್ಲೆ ಎತ್ತಿಕೊಂಡ ಮ್ಯಾಲ ಒಯ್ಯೂದು ಅಂತ. ಸಾಯೂಮುಂದ ಈ ಪತ್ರ ಅಂವನ ಕೈಯಾಗ ಕೊಟ್ಟಿದ್ನಿರಿ, ನೋಡು, ಜಾಗಾ ಮಂಜೂರ ಆಗೇತಿ ಅಂತ. ಎದಿ ಮ್ಯಾಲ ಇಟಗೊಂಡ. ಅಂವನ ಬಿಟ್ಟ ಸಂತಿಗೂ ಬರಾಕ ಆಗಲಿಲ್ಲ, ಓದಸಾಕ ಯಾರ ಕಡೆ ಹೋಗ್ಲಿ ನಮ್ಮೂರಾಗ? ಅಳತಿ ಎಂದ ಐತಿ ಅಂತ ಬರದಾರ ನೋಡ್ರಿ. ಲಗೂನ ನೋಡ್ರಿ, ನೀರ ಏರಾಕತ್ತೈತಿ."

ನನ್ನ ದುಂಡಗಿನ ಅಕ್ಷರದ ವಿಳಾಸ. ಒಡೆದೆ. ಸುಳ್ಳು ಓದಬಹುದಿತ್ತು, ಮುಂದಿನ ವಾರ ಅಳತೆ ಎಂದು. ಒಂದು ಕ್ಷಣ ಆ ಹೇಡಿ ಬುದ್ಧಿಯೂ ಬಂತು. ಕೊನೆಗೆ ಇದ್ದದ್ದನ್ನೇ ಓದಿದೆ. 'ತಾವು ತಮ್ಮದು ಯಾವುದೇ ತಕರಾರು ಇರುವುದಿಲ್ಲ ಎಂದು ಹೇಳಿಕೆ ನೀಡಿರುವುದರಿಂದ ಸದರಿ ದೂರನ್ನು ಮುಕ್ತಾಯಗೊಳಿಸಲಾಗಿದೆ.'

ಅವಳು ಪತ್ರವನ್ನು ಈಸಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಅಳತಿ ಮಾಡಾಕ ತಕರಾರ ಇಲ್ಲ ಅಂದಿದ್ನಿರಿ. ಅಷ್ಟ ಅಂದಿದ್ನಿ." ಆಮೇಲೆ ಬಾಯಿಯ ಮೇಲೆ ಕೈಯಿಟ್ಟುಕೊಂಡು ಮೆಲ್ಲಗೆ ಕೇಳಿದಳು, "ಹಂಗಾರ ನನ್ನ ಬಾಯಿಂದನ ಹೋತೇನ್ರಿ ಜಾಗಾ?"

ಅವಳು ಬೈದಿದ್ದರೆ, ಉಗಿದಿದ್ದರೆ ತಡೆದುಕೊಳ್ಳುತ್ತಿದ್ದೆ.

"ಇಲ್ಲ ಬೇ ಆಯಿ. ನಿನ್ನ ಬಾಯಿಂದಲ್ಲ. ನನ್ನ ಕೈಯಿಂದ ಹೋತು. ನನಗ ಗೊತ್ತಿತ್ತು."

ಅದೇ ಮಧ್ಯಾಹ್ನ ಪ್ರಶ್ನೆ ಏನಿತ್ತು, ಉತ್ತರ ಏನಿತ್ತು, ನಾನು ಏನು ಬಿಟ್ಟೆ, ಫೈಲು ಮುಗಿಸಿದ ದಿನ ಏಕೆ ಬಾಯಿ ಮುಚ್ಚಿಕೊಂಡಿದ್ದೆ, ಎಲ್ಲ ಬರೆದು ಸಹಿ ಹಾಕಿ ಸಾಹೇಬರ ಮುಂದಿಟ್ಟೆ. ಓದಿದರು. ಡ್ರಾದಿಂದ ಆ ಪುಟ್ಟ ಡೈರಿ ತೆಗೆದು ಒಂದು ಪುಟ ನೋಡಿ ಮುಚ್ಚಿದರು.

"ಆವತ್ತೇ ಹೇಳಬಾರದಿತ್ತಾ ಮಾರಾಯಾ? ಇದು ನಿಮ್ಮ ಮೇಲೇ ಬರುತ್ತೆ."

"ಬರ್ಲಿ ಸರ್."

ಮುಗಿದ ಫೈಲು ತೆರೆಯಲು ಮೇಲಿನ ಅನುಮತಿ ಬೇಕು. ಅನುಮತಿ ಕೇಳುವ ಪತ್ರ ಅಂದೇ ಹೋಯಿತು. ಹೊಳೆ ಅನುಮತಿಗೆ ಕಾಯುವುದಿಲ್ಲ. ಮೂರನೆಯ ದಿನ ದಂಡೆ ಮುಳುಗಿತು. ನೀರು ಇಳಿದ ಮೇಲೆ ಹೋಗಿ ನೋಡಿದೆ. ನಾಲ್ಕು ಕಲ್ಲುಗಳಲ್ಲಿ ಒಂದೂ ಇರಲಿಲ್ಲ.

ಅನುಮತಿ ಅಕ್ಟೋಬರಿನಲ್ಲಿ ಬಂತು, ಅದರ ಹಿಂದೆಯೇ ನನ್ನ ನೋಟಿಸೂ ಬಂತು. ಡಿಸೆಂಬರಿನಲ್ಲಿ ಸರ್ವೆಯಾಯಿತು. ಎರಡೂ ಎಕರೆ ಸರಕಾರದ್ದೇ. ಬೀಗ ತೆಗೆಸಿದೆವು, ಯಾರನ್ನೂ ತಡೆಯಕೂಡದೆಂದು ಬೋರ್ಡು ಹಾಕಿಸಿದೆವು, ಅಪ್ಪಾಸಾಬನ ಮೇಲೆ ಪ್ರಕರಣವೂ ದಾಖಲಾಯಿತು. ಅದು ಈಗ ಬೇರೆ ಕಚೇರಿಯಲ್ಲಿ ನಡೆದಿದೆ, ಅದಕ್ಕೂ ಕಾಲು ನೋಯುತ್ತಿರಬೇಕು.

ಅಳತೆ ಮುಗಿದ ದಿನ ಸರ್ವೆಯವನು ನಕ್ಷೆ ಹಿಡಿದು ಅರ್ಜಿದಾರರ ಸಹಿ ಕೇಳಿದ. ಲಗಮವ್ವ ತೆರೆದ ಗೇಟಿನ ಒಳಗೆ, ಒಂದು ಮೂಲೆಯ ಆರಡಿ ನೆಲ ನೋಡುತ್ತ ಕೂತಿದ್ದಳು. ಸಾಹೇಬರು ಹತ್ತಿರ ಹೋಗಿ ಬಗ್ಗಿ ಕೇಳಿದರು. ಈ ಸಲ ಮಾತನ್ನು ಹುಡುಕಿ ಹುಡುಕಿ ಆಡಿದರು.

"ಎಲ್ಲಾ ಸರಿಯಾಗಿದೆ ಅಂತ ಬರ್ಕೋತೀವಮ್ಮ. ಇನ್ನೇನೂ... ಹೇಳೋದು ಇಲ್ಲ ತಾನೆ?"

"ಐತ್ರಿ."

"ಏನಮ್ಮ?"

"ತಕ್ರಾರ ಐತಿ. ಬರಕೋರಿ." ಅವಳು ನನ್ನ ಕಡೆ ನೋಡಿದಳು. "ಜಾಗಾ ಸಿಕ್ಕೈತಿ ಅಂತ ಬರೀರಿ. ಇಡಾಕ ಅಂವ ಸಿಗಲಿಲ್ಲ ಅಂತನೂ ಬರೀರಿ. ಎರಡೂ ಬರದ್ರ ಹೆಬ್ಬಟ್ಟ ಒತ್ತತೀನಿ, ಇಲ್ಲಂದ್ರ ಇಲ್ಲ."

ಸರ್ವೆಯವನು ಗೊಣಗಿದ. "ಅದನ್ನೆಲ್ಲ ಬರ್ಯಾಕ ಫಾರ್ಮಿನ್ಯಾಗ ಜಾಗಾ ಇಲ್ಲ ಬೇ ಯವ್ವಾ."

ನಾನು ಕಾಗದವನ್ನು ತಿರುವಿ ಹಿಂಬದಿಯ ಖಾಲಿ ಪುಟದಲ್ಲಿ ಬರೆಯತೊಡಗಿದೆ. ಮೊದಲು ಪ್ರಶ್ನೆ ಬರೆದೆ. ಆಮೇಲೆ ಅವಳು ಆಡಿದ ಮಾತನ್ನು ಆಡಿದ ಹಾಗೆಯೇ ಬರೆದು ಎರಡು ಸಲ ಓದಿ ಹೇಳಿದೆ. ಅವಳು ಹೆಬ್ಬೆಟ್ಟು ಮುಂದೆ ಮಾಡಿದಳು.