ಮೀನಿನ ಅಂಗಡಿಯ ಮುಂದೆ ಪದ್ಮಾವತಿ

ಕಾಫಿ ಹುರಿಯುವವನು ಎರಡು ಸೌಟುಗಳಲ್ಲಿ ಎರಡು ಬಗೆಯ ಬೀಜ ತುಂಬಿ, ಒಂದಾದ ಮೇಲೊಂದರಂತೆ ಪದ್ಮಾವತಿಯ ಮೂಗಿನ ಹತ್ತಿರ ಹಿಡಿದ. ಯಾವುದು ಹಿಡಿಸಿತು ಎಂದು ಕೇಳಿದ. ಪದ್ಮಾವತಿ ಕಣ್ಣು ಮುಚ್ಚಿ, ದೀರ್ಘವಾಗಿ ಉಸಿರೆಳೆದು, ಸ್ವಲ್ಪ ಯೋಚಿಸಿದಂತೆ ಮಾಡಿ ಎಡಗಡೆಯದನ್ನು ತೋರಿಸಿದಳು. ಬಲಗಡೆಯದನ್ನು ತೋರಿಸಿದ್ದರೂ ನಡೆಯುತ್ತಿತ್ತು. ಅವಳ ಪಾಲಿಗೆ ಎರಡು ಸೌಟಿನಲ್ಲಿದ್ದದ್ದೂ ಬರೀ ಗಾಳಿ.

ಅವಳು ತೋರಿಸಿದ್ದೇ ದುಬಾರಿಯ ಬೀಜವಂತೆ. ಕಾಫಿಯವನು ಮೆಚ್ಚಿ ತಲೆದೂಗಿದ. ಗಂಡ ವಾಸುದೇವನಿಗೆ ಇಷ್ಟು ಸಾಕಾಯಿತು. ನನ್ನ ಹೆಂಡತಿಯ ಮೂಗು ಆಕ್ಲೆಂಡಿಗೇ ಹೆಸರುವಾಸಿ, ಇವಳು ಅಡುಗೆ ಮಾಡುವಾಗ ಒಂದು ಹನಿಯನ್ನೂ ನಾಲಿಗೆಗೆ ತಾಗಿಸುವುದಿಲ್ಲ, ಎಲ್ಲವೂ ಮೂಗಿನಲ್ಲೇ ಎಂದು ಅವನಿಗೆ ಇಂಗ್ಲಿಷಿನಲ್ಲಿ ವಿವರಿಸತೊಡಗಿದ. ಪದ್ಮಾವತಿ ಗಂಡನ ತೋಳು ಹಿಡಿದು ಎಳೆದುಕೊಂಡು ಮುಂದೆ ನಡೆದಳು. ಮಗಳು ಹರ್ಷಿಣಿ ಕಾಫಿ ಪೊಟ್ಟಣ ಕೊಂಡು ಹಿಂದೆ ಬಂದಳು.

ಹರ್ಷಿಣಿಗೆ ನ್ಯೂಜಿಲೆಂಡಿನ ದಕ್ಷಿಣದ ಊರಾದ ಡನೀಡಿನ್ನಿನ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್ ಕೆಲಸ ಸಿಕ್ಕು ಕೆಲವು ತಿಂಗಳಾಗಿತ್ತು. ಅವಳ ಹೊಸ ಸಂಸಾರ, ಅಂದರೆ ಒಂದು ಕೋಣೆ, ಒಂದು ಹೀಟರು ಮತ್ತು ಇಬ್ಬರು ಫ್ಲ್ಯಾಟ್‌ಮೇಟುಗಳನ್ನು ನೋಡಲು ಗಂಡ ಹೆಂಡತಿ ಆಕ್ಲೆಂಡಿನ ತಕಾನಿನಿಯಿಂದ ವಾರಾಂತ್ಯಕ್ಕೆ ಬಂದಿದ್ದರು. ವಾಸುದೇವ್ ಧಾರವಾಡದಿಂದ ಸರ್ವೇಯಿಂಗ್ ಓದಲು ಮೊದಲು ಬಂದಿಳಿದದ್ದು ಇದೇ ಊರಿಗೆ. ಆಗ ಬಂದರಿನ ಕಡೆಯ ಈ ಕಟ್ಟಡ ಉಣ್ಣೆ ತುಂಬಿಡುವ ಗೋದಾಮಾಗಿತ್ತು, ಸದಾ ಬೀಗ ಹಾಕಿರುತ್ತಿತ್ತು. ಈಗ ಅದು ಮಾರುಕಟ್ಟೆ, ಶನಿವಾರ ಬೆಳಿಗ್ಗೆ ಊರಿಗೆ ಊರೇ ಇದರೊಳಗೆ ಇದ್ದಂತಿತ್ತು.

ಹೊರಗೆ ಜುಲೈ ಚಳಿ ಕಿವಿ ಕಚ್ಚುತ್ತಿತ್ತು. ಒಳಗೆ ಕಾಲಿಟ್ಟಾಗ ತೆರೆದ ಪದ್ಮಾವತಿಯ ಬಾಯಿ ಇನ್ನೂ ಪೂರ್ತಿ ಮುಚ್ಚಿರಲಿಲ್ಲ. ಮೂವರು ಕೈಕೈ ಹಿಡಿದು ತಬ್ಬಿದರೂ ಸಾಲದ ಮರದ ಕಂಬಗಳು, ಮೇಲೆ ಗಾಜಿನ ಮಾಡು, ಅದರಿಂದ ಇಳಿದ ಬಿಸಿಲು ನೇರ ಕಿತ್ತಳೆಯ ರಾಶಿಯ ಮೇಲೆ. ಬೆರಳುದ್ದದ ಕೆಂಪು ಗೆಡ್ಡೆಗಳು ಬುಟ್ಟಿಗಟ್ಟಲೆ. ಮಣ್ಣು ಮೆತ್ತಿದ ಗಜ್ಜರಿ, ನೇರಳೆ ಬಣ್ಣದ ಹೂಕೋಸು, ಗೋಡೆಯ ಮೇಲೆ ಬೆಳೆಯುವ ಹಾವಸೆಯಂತಹ ಅಣಬೆ. ಒಬ್ಬ ಮುದುಕ ಬರೀ ಸೇಬು ಮಾರುತ್ತಿದ್ದ. ಆದರೆ ಎಷ್ಟು ಬಗೆಯ ಸೇಬು! ಪ್ರತಿಯೊಂದಕ್ಕೂ ಒಂದು ಹೆಸರು ಬರೆದು, ಮಕ್ಕಳನ್ನು ಫೋಟೋಕ್ಕೆ ನಿಲ್ಲಿಸಿದಂತೆ ಸಾಲಾಗಿ ಜೋಡಿಸಿದ್ದ. ಸೂಪರ್‌ಮಾರ್ಕೆಟ್ಟಿನಲ್ಲೂ ಎಲ್ಲವೂ ಇರುತ್ತದೆ, ನಿಜ. ಆದರೆ ಅಲ್ಲಿ ಯಾವ ವಸ್ತುವೂ ನಿಮ್ಮನ್ನು ತಿರುಗಿ ನೋಡುವುದಿಲ್ಲ.

"ಏನ್ ಘಮಾ ಅದಲಾ!" ಎಂದು ವಾಸುದೇವ್ ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದ. ಬ್ರೆಡ್ಡಿನ ಒಲೆಯ ಮುಂದೆ ನಿಂತ, ಜೇನಿನ ಮುಂದೆ ನಿಂತ, ಬಿಸಿ ಸಕ್ಕರೆಯಲ್ಲಿ ಬಾದಾಮಿ ಹೊರಳಿಸುವವಳ ಮುಂದಂತೂ ಬೇರುಬಿಟ್ಟ. ಪ್ರತಿ ಸಲವೂ ಪದ್ಮಾವತಿ ಹೌದೆಂದಳು. ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ ಅನ್ನುತ್ತಾರಲ್ಲ, ಹಾಗಾಗಿತ್ತು ಅವಳ ಗತಿ. ಮೇ ತಿಂಗಳಲ್ಲಿ ಒಂದು ಕೆಟ್ಟ ಜ್ವರ ಬಂದು ಹೋದಾಗ ಅವಳ ವಾಸನೆ ತಿಳಿಯುವ ಶಕ್ತಿಯನ್ನೂ ಕಟ್ಟಿಕೊಂಡು ಹೋಗಿತ್ತು. ನೆಗಡಿ ಇಳಿದರೆ ಬಂದೀತು ಎಂದು ಕಾದಳು. ನೆಗಡಿ ಇಳಿಯಿತು, ವಾಸನೆ ಬರಲಿಲ್ಲ. ಗಂಡ ಕೆಲಸಕ್ಕೆ ಹೋದ ಮೇಲೆ ಇಂಗಿನ ಡಬ್ಬಿ ತೆರೆದು ಮೂಗಿಗೆ ಹಿಡಿದು ನಿಲ್ಲುವುದು ಅವಳ ದಿನಚರಿಯಾಯಿತು. ಇಂಗು ತಿಂದ ಮಂಗನಿಗಾದರೂ ತಿಂದದ್ದು ಇಂಗೆಂದು ಗೊತ್ತಾಗುತ್ತದೆ. ಅವಳಿಗೆ ಅದೂ ಇಲ್ಲ.

ಬೇರೆ ಯಾರಿಗಾದರೂ ಆಗಿದ್ದರೆ ಇದು ಇಷ್ಟು ದೊಡ್ಡ ಮಾತಲ್ಲ. ಆದರೆ ಪದ್ಮಾವತಿ ಅಡುಗೆ ಕಲಿತದ್ದು ಅತ್ತೆಯಿಂದ. ಆ ಮನೆಯಲ್ಲಿ ದೇವರಿಗೆ ನೈವೇದ್ಯವಾಗುವ ಮುಂಚೆ ಅಡುಗೆಯ ರುಚಿ ನೋಡುವ ಮಾತೇ ಇಲ್ಲ. ನೋಡಿದರೆ ಎಂಜಲು, ಎಂಜಲಾದದ್ದು ದೇವರಿಗೆ ಸಲ್ಲದು. ಸಾರು ಕುದಿ ಬಂದಾಗ ಹಬೆಗೆ ಮುಖವೊಡ್ಡಿ ಉಪ್ಪು ಸಾಕೋ ಬೇಕೋ ಹೇಳಬೇಕು. ಉಪ್ಪಿಗೆ ವಾಸನೆಯಿಲ್ಲ ಎಂದು ಓದಿದವರು ಹೇಳುತ್ತಾರೆ. ಅವರು ಯಾರೂ ಸಾರು ಕುದಿಸಿದವರಲ್ಲ, ಬಿಡಿ. ಉಪ್ಪು ಬಿದ್ದ ಸಾರಿನ ಹಬೆಯೇ ಬೇರೆ, ಬೀಳದ ಸಾರಿನದೇ ಬೇರೆ. ಪ್ರತಿ ಆಗಸ್ಟಿನಲ್ಲಿ ಪಕ್ಕದ ಪಾಪಕುರಾದ ಬಾಡಿಗೆ ಸಭಾಂಗಣದಲ್ಲಿ ರಾಯರ ಆರಾಧನೆ ನಡೆಯುವಾಗ ಅಡುಗೆ ಪದ್ಮಾವತಿಯದೇ. ನೂರಾರು ಜನರಿಗೆ ಹುಳಿ, ಚಿತ್ರಾನ್ನ, ಹಯಗ್ರೀವ, ಒಂದು ಚಮಚವನ್ನೂ ಬಾಯಿಗೆ ತಾಗಿಸದೆ. ಎಲೆಯ ಮುಂದೆ ಕೂತವರಿಗೆ ಅದೊಂದು ಪವಾಡ. ಅವಳಿಗೂ ಒಳಗೊಳಗೇ ಹಾಗೇ ಅನಿಸುತ್ತಿತ್ತು, ಆದರೆ ಹೇಳಿಕೊಂಡಿರಲಿಲ್ಲ.

ಈ ಸಲದ ಆರಾಧನೆ ಬರುವ ತಿಂಗಳು. ರುಚಿ ನೋಡಿ ಮಾಡಿದರೆ ನೇಮ ಕೆಡುತ್ತದೆ, ನೋಡದೆ ಮಾಡಿದರೆ ಅಡುಗೆ ಕೆಡುತ್ತದೆ. ನಾಳೆ ಮನೆ ಸೇರಿದ ಮೇಲೆ, ಆರಾಧನೆಯ ಏರ್ಪಾಟು ನೋಡಿಕೊಳ್ಳುವ ಸುಶೀಲಾಗೆ ಫೋನ್ ಮಾಡಿ, ಮಂಡಿ ನೋವು, ಇನ್ನು ನನ್ನಿಂದಾಗದು ಎಂದು ಹೇಳುವುದೆಂದು ಅವಳು ನಿಶ್ಚಯಿಸಿದ್ದಳು. ಮಂಡಿಗೇನೂ ಆಗಿರಲಿಲ್ಲ, ಕಲ್ಲಿನಂತೆ ಗಟ್ಟಿಯಾಗಿತ್ತು. ಗಂಡನಿಗೂ ನಿಜ ಹೇಳಿರಲಿಲ್ಲ. ಹೇಳಿದರೆ ನಿಜವಾಗಿಬಿಡುತ್ತದೆ ಎಂಬ ಭಯ.

ಹಾಗಾಗಿ ಮಾರುಕಟ್ಟೆಯ ತುಂಬ ಅವಳು ಕಳ್ಳತನದಲ್ಲಿ ಮೂಗಿನ ಪರೀಕ್ಷೆ ನಡೆಸಿದಳು. ಗಂಡ ಅತ್ತ ತಿರುಗಿದಾಗ ಕಿತ್ತಳೆಯ ಸಿಪ್ಪೆಗೆ ಉಗುರು ಒತ್ತಿ ನೋಡಿದಳು. ಸಾಂಬಾರ ಪದಾರ್ಥದ ಅಂಗಡಿಯಲ್ಲಿ ಲವಂಗದ ಬಟ್ಟಲಿಗೆ ಇನ್ನೇನು ಮುಖ ಅದ್ದುವಷ್ಟು ಬಗ್ಗಿದಳು. ಏನೂ ಇಲ್ಲ. ಕಣ್ಣೆದುರಿಗೆ ಭೂಮಿ ಬೆಳೆದದ್ದೆಲ್ಲ ಹರಡಿಕೊಂಡಿತ್ತು. ಎಲ್ಲವೂ ಎಷ್ಟು ಚಂದವಿತ್ತೆಂದರೆ ಅವಳಿಗೆ ಅಳು ಬಂತು. ಗಾಜಿನ ಆಚೆ ನಿಂತು ಮದುವೆಮನೆ ನೋಡಿದ ಹಾಗೆ.

ಅಷ್ಟರಲ್ಲಿ ವಾಸುದೇವ್ ತಟ್ಟನೆ ನಿಂತ. ಮುಂದಿನ ಸಾಲು ಮೀನಿನದು. ಅವನು ಕರವಸ್ತ್ರ ತೆಗೆದು ಮೂಗಿಗೆ ಒತ್ತಿಕೊಂಡ. ಇಷ್ಟು ವರ್ಷ ಈ ದೇಶದಲ್ಲಿದ್ದರೂ ಮೀನು ಮಾಂಸದ ಹತ್ತಿರ ಬಂದಾಗ ಆ ಕೈ ತಾನಾಗಿಯೇ ಮೇಲೇಳುತ್ತಿತ್ತು. ಹೊರಬಾಗಿಲು ಸಾಲಿನ ಆ ತುದಿಯಲ್ಲಿತ್ತು. ಸುತ್ತಿ ಹೋಗೋಣ ಎಂದು ಕೈಸನ್ನೆ ಮಾಡಿ, ಮಗಳನ್ನು ಕರೆದುಕೊಂಡು ಅವನು ಬೇರೆ ದಾರಿ ಹಿಡಿದ. ಪದ್ಮಾವತಿ ಸುತ್ತಲಿಲ್ಲ. ಕಾಲು ಸೋತಿತ್ತು. ವಾಸನೆಯೇ ಬಾರದವಳಿಗೆ ಮೀನೇನು, ಮಲ್ಲಿಗೆಯೇನು. ಮೂಗು ಹೋದದ್ದಕ್ಕೆ ಇದೊಂದಾದರೂ ಲಾಭವಾಗಲಿ ಎಂದು ನೇರ ನಡೆದಳು.

ಐಸಿನ ಹಾಸಿಗೆಯ ಮೇಲೆ ಮೀನು ಸಾಲಾಗಿ ಮಲಗಿದ್ದವು. ಅವಳು ಜೀವಮಾನದಲ್ಲಿ ಮೀನನ್ನು ಇಷ್ಟು ಹತ್ತಿರದಿಂದ ಕಂಡವಳಲ್ಲ. ಕೆಂಪನೆಯದು, ನೀಲಿ ಬೆನ್ನಿನದು, ತೊಟ್ಟಿಲಷ್ಟು ದೊಡ್ಡದೊಂದು. ಒಂದೊಂದು ಹುರುಪೆಯ ಮೇಲೂ ಬೆಳಕು. ಕಣ್ಣು ಮುಚ್ಚುವ ಅಭ್ಯಾಸವಿಲ್ಲದ ಆ ಮುಖಗಳನ್ನು ನೋಡುತ್ತ ಅವಳು ಕೊನೆಯ ಅಂಗಡಿಯ ತನಕ ಬಂದಳು. ಅಲ್ಲಿ ಕಟ್ಟೆಯ ತುದಿಗೆ, ನೆಲದ ಮೇಲೆ, ಕತ್ತರಿಸಿದ ತಲೆಗಳನ್ನು ತುಂಬಿದ ಡಬ್ಬವೊಂದಿತ್ತು. ಅದನ್ನು ದಾಟುವಾಗ ಏನೋ ತಾಗಿತು.

ಏನೆಂದು ಮೊದಲು ತಿಳಿಯಲಿಲ್ಲ. ಯಾರೋ ಕರೆದರೇನೋ ಎಂದು ತಿರುಗಿ ನೋಡಿದಳು. ಯಾರೂ ಇಲ್ಲ. ಒಂದು ಹೆಜ್ಜೆ ಮುಂದಿಟ್ಟಳು, ಹೋಯಿತು. ಹಿಂದೆ ಬಂದಳು, ಇತ್ತು. ನೂಲಿನೆಳೆಯಷ್ಟು ಸಣ್ಣಗೆ, ಆದರೆ ಇತ್ತು. ಒದ್ದೆಯಾದ ಕಬ್ಬಿಣದಂಥದು, ಹಳೆಯ ಹಗ್ಗದಂಥದು, ಅದರ ಅಡಿಯಲ್ಲಿ ಕೊಳೆತದ್ದೇನೋ. ನಾತ. ಅಪ್ಪಟ ನಾತ. ಪದ್ಮಾವತಿಯ ಮೈಯೆಲ್ಲ ಜುಮ್ಮೆಂದಿತು. ಅವಳು ಬಗ್ಗಿ ಎದೆ ತುಂಬ ಉಸಿರೆಳೆದಳು. ಹೊಟ್ಟೆ ತೊಳಸಿತು. ಆಹಾ, ಹೊಟ್ಟೆ ತೊಳಸಿತಲ್ಲ ಎಂದು ಖುಷಿಯಾಯಿತು. ಇನ್ನೊಮ್ಮೆ ಎಳೆದಳು.

ದಶಾವತಾರದಲ್ಲಿ ಮೊದಲನೆಯವನು ಡಬ್ಬದೊಳಗಿನಿಂದ ಅವಳನ್ನೇ ದಿಟ್ಟಿಸುತ್ತಿದ್ದ. ಅವಳ ಎರಡು ಕೈ ಅವಳನ್ನು ಕೇಳದೆ ಜೋಡಿಯಾದವು. ಮೀನು ಮಾರುವವಳು, ಬಿಳಿಯ ರಬ್ಬರ್ ಬೂಟಿನ ದಷ್ಟಪುಷ್ಟ ಹೆಂಗಸು, ಏನು ಕೊಡಲಿ ಡಿಯರ್ ಎಂದು ಕೇಳಿದಳು. ಪದ್ಮಾವತಿ ಏನೂ ಬೇಡವೆಂದು ತಲೆಯಾಡಿಸಿ ಅಲ್ಲೇ ನಿಂತಳು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು.

ಹೊರಬಾಗಿಲಿನ ಹತ್ತಿರ ಕಾದು ಬೇಸತ್ತ ವಾಸುದೇವ್ ಇಣುಕಿ ನೋಡಿದಾಗ ಕಂಡದ್ದು ಈ ದೃಶ್ಯ. ಮೂರು ಹೊತ್ತೂ ಮಡಿ ಎನ್ನುವ ಅವನ ಹೆಂಡತಿ ಮೀನಿನ ತಲೆಗಳ ಮೇಲೆ ಬಗ್ಗಿದ್ದಾಳೆ. ಅವನು ಕರವಸ್ತ್ರದ ಹಿಂದಿನಿಂದಲೇ ಕೂಗಿದ.

"ಪದ್ಮಾ, ಅಲ್ಯಾಕ ನಿಂತೀ? ಬಾ ಈ ಕಡೆ."

"ನಾರಲಿಕ್ಕತ್ತದರೀ," ಎಂದಳು ಅವಳು.

"ಮೀನ ಅದು, ನಾರದ ಏನ್ ಮಾಡ್ತದ? ಬಾ."

"ನನಗ ನಾರಲಿಕ್ಕತ್ತದ," ಎಂದಳು ಪದ್ಮಾವತಿ. "ಮೇ ತಿಂಗಳಿಂದ ನನಗ ಒಂದೂ ವಾಸನಿ ಬರವಲ್ದಾಗಿತ್ತು. ಇಂಗಿಂದೂ ಇಲ್ಲ, ತುಪ್ಪದ್ದೂ ಇಲ್ಲ. ಈಗ ಇದು ಬಂತು."

ವಾಸುದೇವ್ ಅಲ್ಲೇ ನಿಂತುಬಿಟ್ಟ. ಹರ್ಷಿಣಿ ಓಡಿ ಬಂದು ತಾಯಿಯ ಭುಜ ಹಿಡಿದಳು. ಇಷ್ಟು ದಿನ ಯಾಕೆ ಹೇಳಲಿಲ್ಲ, ಫೋನಿನಲ್ಲಾದರೂ ಹೇಳಬಹುದಿತ್ತಲ್ಲ ಎಂದು ಇಂಗ್ಲಿಷಿನಲ್ಲಿ ಗದರಿಸಿದಳು. ಗದರಿಸುತ್ತಲೇ ತಾಯಿಯ ಕೆನ್ನೆ ಒರೆಸಿದಳು. ವಾಸುದೇವ್ ನಿಧಾನವಾಗಿ ನಡೆದು ಬಂದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಯಾವುದೋ ಲೆಕ್ಕ ಈಗ ತಾಳೆಯಾದವನ ಹಾಗಿದ್ದ.

"ಅಂದ್ರ ಸಾರಿಗೆ ಉಪ್ಪು ಕಡಿಮಿ ಇದ್ದದ್ದು ಖರೇನ ಏನು?" ಎಂದ.

ಪದ್ಮಾವತಿ ಅವನನ್ನು ನೋಡಿದಳು. "ಕಡಿಮಿ ಇತ್ತ? ನನಗ ಎಲ್ಲಾ ಸಪ್ಪಗ ಹತ್ತತಿತ್ತು. ನೀವು ಏನೂ ಅನ್ನಲೇ ಇಲ್ಲಲ್ಲರೀ."

"ಒಮ್ಮೊಮ್ಮೆ ಕಡಿಮಿ, ಒಮ್ಮೊಮ್ಮೆ ಭಾಳ. ನೀ ಮಾಡಿದ್ದು ತಪ್ಪಾಗತದೇನು? ನಾ ನನ್ನ ನಾಲಗೀನ ಹೋತು ಅಂತ ತಿಳದಿದ್ದೆ." ವಾಸುದೇವ್ ಸಂಕೋಚದಿಂದ ಮಗಳ ಕಡೆ ನೋಡಿ, ದನಿ ತಗ್ಗಿಸಿದ. "ಬರೋ ಬುಧವಾರ ಡಾಕ್ಟರ್ ಕಡೆ ಹೋಗಾಂವ ಇದ್ದೆ, ನಾಲಗಿ ತೋರಸ್ಲಿಕ್ಕೆ. ನೀ ಅಂಜತೀ ಅಂತ ಹೇಳಿರಲಿಲ್ಲ."

ಪದ್ಮಾವತಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ತಿಂಗಳುಗಟ್ಟಲೆ ಒಂದೇ ಮೇಜಿನ ಎರಡು ಬದಿಗೆ ಕೂತು, ಒಬ್ಬಳು ಮೂಗು ಮುಚ್ಚಿಟ್ಟಿದ್ದಳು, ಒಬ್ಬ ನಾಲಿಗೆ ಮುಚ್ಚಿಟ್ಟಿದ್ದ. ಅವಳ ಸಾರು ಸಪ್ಪೆಯಾಗಬಹುದು ಎಂಬುದನ್ನು ನಂಬುವುದಕ್ಕಿಂತ ತನಗೆ ರೋಗ ಬಂದಿದೆ ಎಂದು ನಂಬುವುದು ಈ ಮನುಷ್ಯನಿಗೆ ಸುಲಭವಾಗಿತ್ತು. ಆರಾಧನೆಯ ಎಲೆಯ ಮುಂದೆ ನೂರು ಜನ ಹೊಗಳಿದಾಗಲೂ ಅವಳಿಗೆ ಇಂಥದೊಂದು ಮರ್ಯಾದೆ ಸಿಕ್ಕಿರಲಿಲ್ಲ.

"ಆರಾಧನೀ ಅಡಗಿ ಹೆಂಗ ಮತ್ತ?" ಎಂದು ಅವನು ಮೆಲ್ಲನೆ ಕೇಳಿದ.

"ಗೊತ್ತಿಲ್ಲರೀ. ನಾ ಬಿಡಬೇಕಂತ ಮಾಡಿದ್ದೆ. ಈಗ ಗೊತ್ತಾಗವಲ್ದು." ಅವಳು ಮತ್ತೆ ಡಬ್ಬದ ಕಡೆ ತಿರುಗಿದಳು. "ಇನ್ನೊಂದು ಸ್ವಲ್ಪ ಹೊತ್ತು ಇಲ್ಲೇ ನಿಂದರತೀನಿ. ಹೋಗಿಬಿಟ್ಟೀತು ಅಂತ ಅಂಜಿಕಿ ಆಗತದ."

ಕೊಳ್ಳುವವರ ಸಾಲು ಬೆಳೆಯುತ್ತಿತ್ತು. ಹರ್ಷಿಣಿ ಮೀನು ಮಾರುವವಳ ಹತ್ತಿರ ಹೋಗಿ, ನಮ್ಮವರು ಮೀನು ತಿನ್ನುವವರಲ್ಲ, ಆದರೆ ಅಮ್ಮ ಸ್ವಲ್ಪ ಹೊತ್ತು ಇಲ್ಲಿ ನಿಲ್ಲಬಹುದೇ ಎಂದು ಕೇಳಿ, ಕಾರಣ ಹೇಳಿದಳು. ಆ ಹೆಂಗಸು ಕೈಯಲ್ಲಿದ್ದ ಚೂರಿ ಕೆಳಗಿಟ್ಟು ಕೇಳಿಸಿಕೊಂಡಳು. ತಲೆಗಳ ಡಬ್ಬವನ್ನು ಎರಡು ಕೈಯಲ್ಲಿ ಎತ್ತಿ ತಂದು, ಪದ್ಮಾವತಿಗೆ ಬಗ್ಗುವ ಕಷ್ಟವಾಗದಂತೆ ಕಟ್ಟೆಯ ಮೇಲೆ ಅವಳ ಎದೆಯ ಎತ್ತರಕ್ಕೆ ಇಟ್ಟಳು.

ಪದ್ಮಾವತಿ ಸಾಲಿನವರಿಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿದಳು. ಅಂಗೈಗಳನ್ನು ಒದ್ದೆ ಕಟ್ಟೆಗೆ ಊರಿ ಕಣ್ಣು ಮುಚ್ಚಿದಳು. ವಾಸುದೇವನ ಒಂದು ಕೈಯಲ್ಲಿ ಬ್ರೆಡ್ಡಿನ ಚೀಲ, ಇನ್ನೊಂದರಲ್ಲಿ ಐಸಿನ ನೀರು ತಾಗದಂತೆ ಎತ್ತಿ ಹಿಡಿದ ಅವಳ ಕೈಚೀಲ. ಮೂಗು ಮುಚ್ಚಿಕೊಳ್ಳದೆ ಅವನು ಅವಳ ಪಕ್ಕದಲ್ಲಿ ನಿಂತ.